ಪೊಟ್ಟಣದ ಕಾಗದದಲ್ಲಿ ಬಂದ ಜಪಾನು

ಸಂತೆಯಿಂದ ತಂದ ಸಾಮಾನಿನ ಪೊಟ್ಟಣವನ್ನು ಬಿಚ್ಚಿದ ಮೇಲೆ ಆ ಕಾಗದಕ್ಕೆ ಏನು ಗತಿ? ಸಿಂದಗಿಯ ಸಂತೆಯಲ್ಲಾಗಲಿ, ಮುದ್ದೇಬಿಹಾಳದ ಪೇಟೆಯಲ್ಲಾಗಲಿ, ಕಿರಾಣಿ ಅಂಗಡಿಯವನು ಹಳೆಯ ಪುಸ್ತಕದ ಹಾಳೆಗಳನ್ನು ಹರಿದು ಬೆಲ್ಲ ಅರಿಸಿನಗಳನ್ನು ಕಟ್ಟಿಕೊಡುತ್ತಿದ್ದ ಕಾಲವನ್ನು ಹಿರಿಯ ಓದುಗರು ಕಂಡವರೇ. ಮನೆಗೆ ಬಂದೊಡನೆ ಸಾಮಾನು ಡಬ್ಬಿಗೆ, ಕಾಗದ ಒಲೆಗೆ. ಎಲ್ಲೋ ಒಬ್ಬ ಹುಡುಗ ಮಾತ್ರ ಆ ಮುದುಡಿದ ಹಾಳೆಯನ್ನು ಅಂಗೈಯಿಂದ ತೀಡಿ, ಅದರಲ್ಲಿ ಉಳಿದಿದ್ದ ಅರ್ಧ ಕಥೆಯನ್ನು ಓದುತ್ತ ನಿಂತುಬಿಡುತ್ತಾನೆ.

ಇಂಥ ಪೊಟ್ಟಣದ ಕಾಗದವೊಂದು ಯುರೋಪಿನ ಕಲೆಯ ದಾರಿಯನ್ನೇ ಹೊರಳಿಸಿತೆಂದು ಹೇಳಿದರೆ ಅತಿಶಯೋಕ್ತಿಯೆನಿಸಬಹುದು. ಆದರೆ ಕಲೆಯ ಇತಿಹಾಸವನ್ನು ಬರೆದವರು ಆ ಕಥೆಯನ್ನು ಹೇಳದೆ ಮುಂದಕ್ಕೆ ಹೋಗುವುದಿಲ್ಲ. ೧೮೫೬ನೆಯ ಇಸವಿ. ಪ್ಯಾರಿಸಿನಲ್ಲಿ ಓಗುಸ್ತ್ ದೆಲಾತ್ರ್ ಎಂಬ ಮುದ್ರಕನ ಅಚ್ಚುಕೂಟಕ್ಕೆ ಇಪ್ಪತ್ತಮೂರು ವರ್ಷದ ತರುಣನೊಬ್ಬ ಹೋಗಿದ್ದನು. ಅಲ್ಲಿ ಅವನ ಕಣ್ಣಿಗೆ ಒಂದು ಸಣ್ಣ ಪುಸ್ತಕ ಬಿದ್ದಿತು. ಜಪಾನಿನಿಂದ ಬಂದ ಪಿಂಗಾಣಿಯ ಪೆಟ್ಟಿಗೆಯಲ್ಲಿ, ಹಡಗಿನ ಓಲಾಟಕ್ಕೆ ಪಾತ್ರೆಗಳು ಒಡೆಯಬಾರದೆಂದು ನಡುವೆ ತುರುಕಿದ್ದ ಕಾಗದ ಅದು! ತರುಣ ಪುಟ ತಿರುವಿದನು. ಗುಬ್ಬಚ್ಚಿ, ಮೀನು, ಹುಲ್ಲಿನ ಎಸಳು, ಮಳೆಗೆ ಕೊಡೆ ಹಿಡಿದು ಓಡುವ ಜನ, ಹೊಟ್ಟೆ ಬಿರಿಯುವಂತೆ ನಗುವ ಡೊಳ್ಳು ಹೊಟ್ಟೆಯವರು. ಒಂದೊಂದೂ ನಾಲ್ಕಾರು ಗೆರೆಗಳಲ್ಲಿ ಜೀವ ತಳೆದು ನಿಂತಿದ್ದುವು. ಪುಸ್ತಕವನ್ನು ತನಗೆ ಕೊಡೆಂದು ಕೇಳಿದರೆ ಮುದ್ರಕ ಒಪ್ಪಲಿಲ್ಲ. ತರುಣನಾದರೋ ಬಿಡುವವನಲ್ಲ. ಒಂದೆರಡು ವರ್ಷ ಕಾದು, ಲಾವಿಯೇ ಎಂಬ ಮರಗೆತ್ತನೆಯ ಚಿತ್ರಕಾರನಿಗೆ ತನ್ನಲ್ಲಿದ್ದ ಹಳೆಯ ಗ್ರಂಥವೊಂದನ್ನು ಕೊಟ್ಟು, ಬದಲಿಗೆ ಆ ಪುಸ್ತಕವನ್ನು ಪಡೆದನಂತೆ. ಅಂದಿನಿಂದ ಅದನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಿ, ಕಂಡ ಕಂಡ ಗೆಳೆಯರಿಗೆಲ್ಲ ತೋರಿಸಿದನೆಂದು ಕಥೆ.

ಆ ತರುಣನೇ ಫೆಲಿಕ್ಸ್ ಬ್ರಾಕ್‌ಮೊನ್. ಆ ಪುಸ್ತಕ, ಜಪಾನಿನ ಮಹಾಚಿತ್ರಕಾರ ಹೊಕುಸಾಯ್‌ನ ‘ಮಂಗಾ’ ಎಂಬ ರೇಖಾಚಿತ್ರಸಂಪುಟಗಳಲ್ಲಿ ಒಂದು.

ಹೊಕುಸಾಯ್ ೧೭೬೦ರಲ್ಲಿ ಹುಟ್ಟಿ ೧೮೪೯ರಲ್ಲಿ ತೀರಿಕೊಂಡವನು. ‘ಮಂಗಾ’ದ ಮೊದಲ ಸಂಪುಟ ೧೮೧೪ರಲ್ಲಿ ಹೊರಬಂದಿತು, ಅವನು ಸತ್ತ ಮೇಲೂ ಮುಂದುವರಿದು ಒಟ್ಟು ಹದಿನೈದು ಸಂಪುಟಗಳಾದುವು. ಜಪಾನಿನಲ್ಲಿ ಇವು ಅಂಗಡಿಯಲ್ಲಿ ಸಾಮಾನ್ಯರೂ ಕೊಳ್ಳುತ್ತಿದ್ದ ಅಗ್ಗದ ಪುಸ್ತಕಗಳು. ಆ ದೇಶ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಹೊರಗಿನವರಿಗೆ ಬಾಗಿಲು ಹಾಕಿಕೊಂಡು ಕುಳಿತಿತ್ತು. ಯುರೋಪಿನವರಲ್ಲಿ ಡಚ್ಚರಿಗೆ ಮಾತ್ರ ನಾಗಸಾಕಿಯ ರೇವಿನಲ್ಲಿ ಅಷ್ಟಿಷ್ಟು ವ್ಯಾಪಾರದ ಅನುಮತಿ. ೧೮೫೩ರಲ್ಲಿ ಅಮೆರಿಕದ ನೌಕಾಧಿಪತಿ ಪೆರಿಯ ಹಡಗುಗಳು ಬಂದು ನಿಂತ ಮೇಲೆ ಬಾಗಿಲು ತೆರೆಯಿತು. ೧೮೫೮ರಲ್ಲಿ ಫ್ರಾನ್ಸಿನೊಡನೆಯೂ ಒಪ್ಪಂದವಾಯಿತು. ಈ ಕಾರಣದಿಂದ ೧೮೫೬ನೆಯ ಇಸವಿಯ ಬಗ್ಗೆ ಕೆಲವು ವಿದ್ವಾಂಸರಿಗೆ ಸಂಶಯವಿದೆ. ಇಸವಿ ಒಂದೆರಡು ವರ್ಷ ಹಿಂದು ಮುಂದಾದರೂ ಆಗಲಿ, ಆ ಪುಸ್ತಕವನ್ನು ಕಸವೆಂದು ಎಸೆಯದ ಕಣ್ಣೊಂದು ಅಲ್ಲಿತ್ತೆಂಬುದು ಮುಖ್ಯ. ಆ ಕಣ್ಣು ಹೇಗೆ ತಯಾರಾಯಿತು?

ತಾಮ್ರ, ಹುಳಿ ಮತ್ತು ಗೆರೆ

ಬ್ರಾಕ್‌ಮೊನ್ ಹುಟ್ಟಿದ್ದು ಪ್ಯಾರಿಸಿನಲ್ಲಿ, ೧೮೩೩ನೆಯ ಮೇ ೨೨ರಂದು. ಬಡತನದ ಮನೆ. ಎಳೆಯ ವಯಸ್ಸಿನಲ್ಲಿಯೇ ಕಲ್ಲಚ್ಚಿನ ಮುದ್ರಣಾಲಯಕ್ಕೆ ಕೆಲಸ ಕಲಿಯಲು ಸೇರಿದನು. ಜೋಸೆಫ್ ಗಿಷಾರ್ ಎಂಬ ಚಿತ್ರಕಾರ ಹುಡುಗನ ಕೈಯಲ್ಲಿದ್ದ ಕಸುವನ್ನು ಕಂಡು ತನ್ನ ಶಾಲೆಗೆ ಕರೆದುಕೊಂಡನು. ೧೮೫೨ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಅವನು ಬರೆದ ಅಜ್ಜಿಯ ಭಾವಚಿತ್ರವು ಪ್ಯಾರಿಸಿನ ದೊಡ್ಡ ವಾರ್ಷಿಕ ಪ್ರದರ್ಶನವಾದ ‘ಸಲೋನ್’ನಲ್ಲಿ ಸ್ಥಾನ ಪಡೆಯಿತು. ಆದರೆ ಅವನ ಮನಸ್ಸು ಬಣ್ಣಕ್ಕಿಂತ ಗೆರೆಯ ಕಡೆಗೇ ಎಳೆಯುತ್ತಿತ್ತು. ಅಂದು ಫ್ರಾನ್ಸಿನಲ್ಲಿ ಬಹುಮಟ್ಟಿಗೆ ಮೂಲೆಗೆ ಬಿದ್ದಿದ್ದ ಎಚಿಂಗ್ ಎಂಬ ಕಲೆಯನ್ನು ದಿದೆರೋ ಮಹಾಶಯನ ವಿಶ್ವಕೋಶವನ್ನು ಮುಂದಿಟ್ಟುಕೊಂಡು ತಾನೇ ಕಲಿತನು.

ಎಚಿಂಗ್ ಎಂದರೇನು? ನಮ್ಮ ಗೃಹಿಣಿಯರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಪಾತ್ರೆಯಂಗಡಿಯಲ್ಲಿ ಚಾಣವನ್ನು ಕುಟ್ಟಿ ಹೆಸರು ಹಾಕಿಸುವುದನ್ನು ಎಲ್ಲರೂ ಬಲ್ಲರು. ಅಲ್ಲಿ ಲೋಹವನ್ನು ಕೊರೆಯುವುದು ಕೈಯ ಬಲ. ಎಚಿಂಗ್‌ನಲ್ಲಿ ಕೊರೆಯುವುದು ಹುಳಿ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಳಿ ಪದಾರ್ಥವನ್ನಿಟ್ಟರೆ ಕಿಲುಬು ಏಳುತ್ತದೆ. ಹುಳಿ ಲೋಹವನ್ನು ತಿನ್ನುವುದೇ ಅದಕ್ಕೆ ಕಾರಣ. ಕಲಾಯಿ ಇದ್ದಲ್ಲಿ ತಾಮ್ರ ಸುರಕ್ಷಿತ. ಗೀರು ಬಿದ್ದಲ್ಲಿ ಅಪಾಯ. ಈ ಅಪಾಯವನ್ನೇ ಚಿತ್ರಕಾರ ಉಪಾಯವನ್ನಾಗಿ ಮಾಡಿಕೊಂಡಿದ್ದಾನೆ. ನುಣುಪಾದ ತಾಮ್ರದ ತಗಡಿಗೆ ಮೇಣ ರಾಳಗಳ ತೆಳುವಾದ ಲೇಪ ಕೊಟ್ಟು, ಅದನ್ನು ಹೊಗೆಯಿಂದ ಕಪ್ಪಾಗಿಸಿ, ಸೂಜಿಮೊನೆಯಿಂದ ಅದರ ಮೇಲೆ ಚಿತ್ರ ಬರೆಯುತ್ತಾನೆ. ಗೆರೆ ಎಳೆದಲ್ಲಿ ಲೇಪ ಕಳಚಿ ತಾಮ್ರ ಮಿನುಗುತ್ತದೆ. ಬಳಿಕ ತಗಡನ್ನು ಆಮ್ಲದಲ್ಲಿ ಮುಳುಗಿಸುತ್ತಾನೆ. ಇಂಡಿಯ ಲಿಂಬೆ ಎಷ್ಟು ಹುಳಿಯಾದರೂ ಈ ಕೆಲಸಕ್ಕೆ ಸಾಲದು. ನೈಟ್ರಿಕ್ ಆಮ್ಲದಂಥ ಉಗ್ರ ದ್ರವವೇ ಬೇಕು. ಸ್ವಲ್ಪ ಹೊತ್ತು ಕಚ್ಚಿದರೆ ತೆಳು ಗೆರೆ, ಹೆಚ್ಚು ಹೊತ್ತು ಕಚ್ಚಿದರೆ ದಟ್ಟ ಗೆರೆ. ತೆಳುವಾಗಿ ಉಳಿಯಬೇಕಾದ ಭಾಗಕ್ಕೆ ನಡುವೆ ತೆಗೆದು ವಾರ್ನಿಷು ಬಳಿದು, ಮತ್ತೆ ಮುಳುಗಿಸಬೇಕು. ಕೊನೆಗೆ ಲೇಪವನ್ನೆಲ್ಲ ತೊಳೆದು, ತಗಡಿಗೆ ಮಸಿ ತುಂಬಿ, ಮೇಲುಮೇಲಿನದನ್ನು ಒರಸಿ, ಒದ್ದೆ ಮಾಡಿದ ಕಾಗದವನ್ನು ಹೊದಿಸಿ, ಉರುಳೆಯ ಯಂತ್ರದಲ್ಲಿ ಒತ್ತಿದರೆ ಕೊರೆದ ಗೆರೆಯಲ್ಲಿ ನಿಂತ ಮಸಿ ಕಾಗದಕ್ಕೆ ಏರುತ್ತದೆ. ಚಿತ್ರ ಎಡದಿಂದ ಬಲಕ್ಕೆ ಮಗುಚಿ ಮೂಡುವುದರಿಂದ ಅದನ್ನೂ ಮೊದಲೇ ಲೆಕ್ಕ ಹಾಕಿರಬೇಕು.

ಒಮ್ಮೆ ಎಳೆದ ಗೆರೆಯನ್ನು ಸುಲಭವಾಗಿ ಅಳಿಸಲಾಗದ ಕಲೆ ಇದು. ಇಲ್ಲಿ ಕೈ ನಡುಗಬಾರದು, ಮನಸ್ಸು ಎರಡಾಗಬಾರದು. ೧೮೫೨ರಲ್ಲಿಯೇ ಬ್ರಾಕ್‌ಮೊನ್ ಕೊರೆದ ‘ಬಾಗಿಲಿನ ಮೇಲ್ಭಾಗ’ ಎಂಬ ಚಿತ್ರ ಅವನ ಕೈಯ ಸ್ಥೈರ್ಯಕ್ಕೆ ಸಾಕ್ಷಿ. ಬೆಳೆಗೂ ಕೋಳಿಗೂ ಕಂಟಕವಾದ ಹಕ್ಕಿಗಳನ್ನು ಕೊಂದು, ಉಳಿದವುಗಳಿಗೆ ಎಚ್ಚರಿಕೆಯಾಗಲೆಂದು ಕಣಜದ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕುವುದು ಅಲ್ಲಿಯ ರೈತರ ಪದ್ಧತಿ. ಹಕ್ಕಿಗಳ ಜೊತೆಗೆ ಒಂದು ಬಾವಲಿ. ಒಂದೊಂದು ಗರಿಯೂ, ಬಾಗಿಲ ಹಲಗೆಯ ಒಂದೊಂದು ಎಳೆಯೂ ಎಣಿಸುವಂತಿವೆ. ಮುಂದೆ ‘ಮಂಗಾ’ದ ಗುಬ್ಬಚ್ಚಿಗಳನ್ನು ಕಂಡಾಗ ಈ ತರುಣನಿಗೆ ಆದ ರೋಮಾಂಚವನ್ನು ಊಹಿಸಿಕೊಳ್ಳಬಹುದು. ತಾನು ಸಾವಿರ ಗೆರೆಗಳಲ್ಲಿ ಹಿಡಿದ ಹಕ್ಕಿಯನ್ನು ಆ ದೂರದ ಮುದುಕ ಹತ್ತು ಗೆರೆಗಳಲ್ಲಿ ಹಿಡಿದಿದ್ದನಲ್ಲ. ಅದೂ ಸತ್ತ ಹಕ್ಕಿಯನ್ನಲ್ಲ, ಹಾರುವ ಹಕ್ಕಿಯನ್ನು!

ಊಟದ ತಟ್ಟೆಯ ಮೇಲೆ

ಜಪಾನಿನಿಂದ ಕಲಿತದ್ದನ್ನು ಬ್ರಾಕ್‌ಮೊನ್ ಮೊದಲು ಮೆರೆಸಿದ್ದು ಚಿತ್ರಶಾಲೆಯ ಗೋಡೆಯ ಮೇಲಲ್ಲ, ಊಟದ ಮೇಜಿನ ಮೇಲೆ. ೧೮೬೬ರಲ್ಲಿ ಯುಜೇನ್ ರೂಸೋ ಎಂಬ ವರ್ತಕ ಊಟದ ಪಾತ್ರೆಗಳ ಒಂದು ಪೂರ್ಣ ಜೋಡಣೆಗೆ ಚಿತ್ರ ರಚಿಸಿಕೊಡಬೇಕೆಂದು ಅವನನ್ನು ಕೇಳಿದನು. ಬ್ರಾಕ್‌ಮೊನ್ ಹೊಕುಸಾಯ್, ಹಿರೋಶಿಗೆ ಮೊದಲಾದವರ ಪುಸ್ತಕಗಳಿಂದ ಹುಂಜ, ಬಾತು, ಮೀನು, ಸಿಗಡಿ, ಚಿಟ್ಟೆ, ಹೂಬಳ್ಳಿಗಳನ್ನು ಆಯ್ದು ತಾಮ್ರದ ತಗಡುಗಳ ಮೇಲೆ ಕೊರೆದನು. ಅವುಗಳ ಅಚ್ಚುಗಳನ್ನು ಕತ್ತರಿಸಿ, ಮಣ್ಣಿನ ತಟ್ಟೆಗಳ ಮೇಲೆ ಅಂಟಿಸಿ, ಕುಲುಮೆಗೆ ಹಾಕುತ್ತಿದ್ದರು. ಕಾಗದ ಸುಟ್ಟುಹೋಗಿ ಗೆರೆ ಮಾತ್ರ ತಟ್ಟೆಗೆ ಹಿಡಿಯುತ್ತಿತ್ತು. ಅನಂತರ ಕೈಯಿಂದ ಬಣ್ಣ ತುಂಬಿ ಮೆರುಗು ಕೊಡುತ್ತಿದ್ದರು.

ಇದರಲ್ಲಿ ಹೊಸತೇನು? ಅದುವರೆಗಿನ ಯುರೋಪಿನ ತಟ್ಟೆಗಳ ಅಲಂಕಾರ ನಮ್ಮ ಚುಕ್ಕಿ ರಂಗವಲ್ಲಿಯಂತೆ. ನಡುವೆ ಒಂದು ಹೂ, ಸುತ್ತ ಸಮನಾದ ಅಂಚು, ಎಡಕ್ಕಿದ್ದುದು ಬಲಕ್ಕೂ ಇರಲೇಬೇಕು. ಬ್ರಾಕ್‌ಮೊನನ ತಟ್ಟೆಯಲ್ಲಿ ಒಂದು ದೊಡ್ಡ ಹುಂಜ ಒಂದು ಬದಿಗೆ ನಿಂತಿದೆ; ಇನ್ನೆಲ್ಲೋ ಒಂದು ಚಿಟ್ಟೆ, ಮತ್ತೊಂದೆಡೆ ಒಂದು ಚಿಗುರು; ಉಳಿದುದೆಲ್ಲ ಬರಿಯ ಬಿಳುಪು. ಬರಿದಾದ ಜಾಗವೂ ಚಿತ್ರದ ಒಂದು ಭಾಗವೆಂಬುದು ಜಪಾನೀಯರು ಕಲಿಸಿದ ಪಾಠ. ೧೮೬೭ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಈ ತಟ್ಟೆಗಳನ್ನು ಕಂಡು ಜನ ಬೆರಗಾದರು. ಕವಿ ಮಲಾರ್ಮೆ ಮನಸಾರೆ ಹೊಗಳಿ ಬರೆದನು. ಆ ಮಾದರಿಯನ್ನು ಇಪ್ಪತ್ತನೆಯ ಶತಮಾನದಲ್ಲಿಯೂ ಹಲವು ದಶಕಗಳ ಕಾಲ ತಯಾರಿಸುತ್ತಲೇ ಇದ್ದರು.

ಪೂರ್ವದೇಶದ ಪಿಂಗಾಣಿಗೆ ನಮ್ಮ ನಾಡೂ ಹೊಸದೇನಲ್ಲ. ಇಂಡಿ, ಬಾಗೇವಾಡಿಗಳ ಕಡೆಯಿಂದ ಗೋಳಗುಮ್ಮಟ ನೋಡಲು ವಿಜಯಪುರಕ್ಕೆ ಹೋದವರು ಅದರ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೂ ಕಾಲಿಟ್ಟರೆ ಅಲ್ಲಿ ಚೀನದ ಪಿಂಗಾಣಿ ಪಾತ್ರೆಗಳನ್ನು ಕಾಣಬಹುದು. ಅರಸರ ಅರಮನೆಗೆ ಬಂದ ಅಂಥ ಪಾತ್ರೆ ಅರಮನೆಯಲ್ಲೇ ಉಳಿಯಿತು. ಬ್ರಾಕ್‌ಮೊನನ ಸಾಹಸವಾದರೋ ದೂರದ ಚೆಲುವನ್ನು ಕಾರ್ಖಾನೆಯ ಮಣ್ಣಿನ ತಟ್ಟೆಗೆ ಇಳಿಸಿತು.

ಸೆವ್ರ್ ಎಂಬಲ್ಲಿ ಅವನೂ ಅವನ ಗೆಳೆಯರೂ ಸೇರಿ ‘ಜಿಂಗ್ಲಾರ್’ ಎಂಬ ತಮಾಷೆಯ ಹೆಸರಿನ ಕೂಟವೊಂದನ್ನು ಕಟ್ಟಿಕೊಂಡಿದ್ದರು. ತಿಂಗಳಿಗೊಮ್ಮೆ ಊಟ, ಚಮಚಗಳ ಬದಲು ಜಪಾನೀ ಕಡ್ಡಿಗಳು!  ಇದಕ್ಕೂ ಮೊದಲು, ೧೮೬೨ರಲ್ಲಿ, ಎಚಿಂಗ್ ಕಲಾವಿದರ ಸಂಘವನ್ನು ಸ್ಥಾಪಿಸಿದವರಲ್ಲಿ ಅವನೂ ಒಬ್ಬ. ಹೆಸರಾಂತ ಚಿತ್ರಕಾರ ಮಾನೆ ತಾಮ್ರದ ತಗಡನ್ನು ಹಿಡಿದಾಗ ಆಮ್ಲದ ಮರ್ಮಗಳನ್ನು ಕಲಿಸಿ ನೆರವಾದವನೂ ಇವನೇ. ೧೮೭೪ರಲ್ಲಿ ಮೊನೆ, ದೆಗಾ, ರೆನ್ವಾರ್ ಮೊದಲಾದವರು ಸರಕಾರೀ ಪ್ರದರ್ಶನಕ್ಕೆ ಬೆನ್ನು ತಿರುಗಿಸಿ, ‘ಇಂಪ್ರೆಷನಿಸ್ಟ್’ ಎಂದು ಜರಿಸಿಕೊಂಡ ಆ ಪ್ರಸಿದ್ಧ ಪ್ರದರ್ಶನವನ್ನು ಏರ್ಪಡಿಸಿದಾಗ ಬ್ರಾಕ್‌ಮೊನನ ಎಚಿಂಗ್‌ಗಳೂ ಅಲ್ಲಿದ್ದುವು. ಹೊಸತು ಎಲ್ಲಿದ್ದರೂ ಅಲ್ಲಿ ಅವನಿದ್ದನು.

ಅವನು ಹೊಸತಿಗೆ ಬಾಗಿಲು ಮುಚ್ಚಿದ್ದು ಒಂದೇ ಕಡೆ, ತನ್ನ ಮನೆಯಲ್ಲಿ.

ಮನೆಯೊಳಗಿನ ಬೆಳಕು

೧೮೬೯ರಲ್ಲಿ ಬ್ರಾಕ್‌ಮೊನ್ ಮಾರೀ ಕಿವೊರೋನ್ ಎಂಬ ತರುಣಿಯನ್ನು ಮದುವೆಯಾದನು. ಆಕೆ ೧೮೪೦ರಲ್ಲಿ ಬ್ರಿಟನಿ ಪ್ರಾಂತದ ಕಡಲ ತೀರದ ಊರಿನಲ್ಲಿ ಹುಟ್ಟಿದವಳು. ಹದಿಹರೆಯದಲ್ಲಿಯೇ ಅವಳ ಚಿತ್ರ ‘ಸಲೋನ್’ನಲ್ಲಿ ಸ್ಥಾನ ಪಡೆದಿತ್ತು. ಮಹಾಚಿತ್ರಕಾರ ಆಂಗ್ರ್‌ನ ಬಳಿ ಕೆಲಕಾಲ ಪಾಠವನ್ನೂ ಹೇಳಿಸಿಕೊಂಡಳು. ಆದರೆ ಹೆಂಗಸರು ಹೂವು ಹಣ್ಣುಗಳನ್ನು ಬರೆದರೆ ಸಾಕೆಂಬ ಆ ಗುರುವಿನ ಧೋರಣೆ ಹಿಡಿಸದೆ ಹೊರಬಂದಳು. ಲೂವ್ರ್ ಚಿತ್ರಶಾಲೆಯಲ್ಲಿ ಹಳೆಯ ಚಿತ್ರಗಳ ಪ್ರತಿ ತೆಗೆಯುತ್ತಿದ್ದಾಗ ಬ್ರಾಕ್‌ಮೊನ್ ಅವಳನ್ನು ಕಂಡನು. ತಾಯಿಗೆ ಈ ಸಂಬಂಧ ಒಪ್ಪಿಗೆಯಿರಲಿಲ್ಲ. ಮಗಳು ಹಟ ಹಿಡಿದು ಮದುವೆಯಾದಳು. ೧೮೭೦ರಲ್ಲಿ ಅವರ ಒಬ್ಬನೇ ಮಗ ಪಿಯೆರ್ ಹುಟ್ಟಿದನು.

ಮೊದಲ ವರ್ಷಗಳು ಚೆನ್ನಾಗಿಯೇ ನಡೆದುವು. ಆವಿಲಾಂಡ್ ಎಂಬ ಪಿಂಗಾಣಿ ಸಂಸ್ಥೆಯ ಚಿತ್ರಶಾಲೆಗೆ ಗಂಡ ಮೇಲ್ವಿಚಾರಕ. ಹೆಂಡತಿ ಅಲ್ಲಿಯೇ ತಟ್ಟೆಗಳಿಗೂ ಬಿಲ್ಲೆಗಳಿಗೂ ಚಿತ್ರ ರಚಿಸುವವಳು. ಗಂಡನೇ ಅವಳಿಗೆ ಎಚಿಂಗ್ ಕಲಿಸಿದನು. ಗೆಳೆಯರಾದ ಕಲಾವಿದರ ಪರಿಚಯ ಮಾಡಿಸಿದನು. ೧೮೭೯, ೧೮೮೦ ಮತ್ತು ೧೮೮೬ರ ಇಂಪ್ರೆಷನಿಸ್ಟ್ ಪ್ರದರ್ಶನಗಳಲ್ಲಿ ಅವಳ ಕೃತಿಗಳೂ ಕಾಣಿಸಿಕೊಂಡುವು. ಸೆವ್ರ್‌ನಲ್ಲಿದ್ದ ಮನೆಯ ತೋಟವೇ ಅವಳ ಚಿತ್ರಶಾಲೆಯಾಯಿತು. ಬಿಳಿಯ ಉಡುಪಿನ ಮೇಲೆ ಎಲೆಗಳ ನೆರಳು, ನೆರಳಿನೊಳಗಿನ ನೀಲಿ, ಬಿಸಿಲಿಗೆ ಹಿಡಿದ ಛತ್ರಿಯ ಕೆಳಗೆ ಮೂಡುವ ಮುಖದ ಕಾಂತಿ. ಇವೇ ಅವಳ ವಸ್ತು. ೧೮೮೦ರ ಸುಮಾರಿನ ‘ಛತ್ರಿ ಹಿಡಿದ ಮೂವರು ಹೆಂಗಸರು’ ಇಂದು ಪ್ಯಾರಿಸಿನ ಓರ್ಸೇ ಚಿತ್ರಶಾಲೆಯಲ್ಲಿದೆ. ಮೊನೆ, ರೆನ್ವಾರರ ದಾರಿ ಅವಳಿಗೆ ತನ್ನ ದಾರಿಯಾಗಿ ಕಂಡಿತು.

ಗಂಡನಿಗೆ ಇದು ಸರಿಬೀಳಲಿಲ್ಲ. ಇಂಪ್ರೆಷನಿಸ್ಟರೊಡನೆ ಪ್ರದರ್ಶನದಲ್ಲಿ ಭಾಗವಹಿಸಿದವನಾದರೂ ಅವನ ನಿಷ್ಠೆಯೆಲ್ಲ ಗೆರೆಗೆ. ೧೮೮೫ರಲ್ಲಿ ‘ರೇಖೆ ಮತ್ತು ವರ್ಣ’ದ ಬಗ್ಗೆ ಒಂದು ಶಾಸ್ತ್ರಗ್ರಂಥವನ್ನೇ ಬರೆದವನು ಅವನು. ಬಿಸಿಲಿನಲ್ಲಿ ಗೆರೆ ಕರಗಿ ಬಣ್ಣವೇ ಉಳಿಯುವ ಚಿತ್ರ ತನ್ನ ಮನೆಯಲ್ಲಿಯೇ, ತಾನು ಸೂಜಿ ಹಿಡಿಯಲು ಕಲಿಸಿದ ಕೈಯಿಂದಲೇ ಹುಟ್ಟುವುದನ್ನು ಅವನು ಸಹಿಸದೆ ಹೋದನು. ಮಗ ಪಿಯೆರ್ ಬರೆದಿಟ್ಟ ವೃತ್ತಾಂತದ ಪ್ರಕಾರ, ಅವನು ಹೆಂಡತಿಯ ಚಿತ್ರಗಳನ್ನು ಕಟುವಾಗಿ ಟೀಕಿಸುತ್ತಿದ್ದನು. ಅವಳು ಮರುಮಾತಾಡಿದರೆ ಸಿಡುಕುತ್ತಿದ್ದನು. ಮನೆಗೆ ಬಂದ ಅತಿಥಿಗಳಿಗೆ ಅವಳ ಚಿತ್ರಗಳನ್ನು ತೋರಿಸುತ್ತಿದ್ದುದೇ ಅಪರೂಪ. ಜೇಬಿನಲ್ಲಿ ಜಪಾನಿನ ಪುಸ್ತಕವನ್ನಿಟ್ಟುಕೊಂಡು ಊರಿಗೆಲ್ಲ ತೋರಿಸಿದ ಮನುಷ್ಯ ಇವನೇ!

೧೮೮೬ರಲ್ಲಿ ಅವನು ಬಡ ಚಿತ್ರಕಾರ ಗೋಗ್ಯಾನನ್ನು ಮನೆಗೆ ಕರೆತಂದನು. ಬಂದ ಅತಿಥಿ ಮಾರೀಗೆ ಚಿತ್ರದ ಬಟ್ಟೆಯನ್ನು ಹದಗೊಳಿಸುವ ಹೊಸ ಬಗೆಯನ್ನು ಹೇಳಿಕೊಟ್ಟನು. ಅವಳ ಬಣ್ಣಗಳು ಇನ್ನಷ್ಟು ಗಾಢವಾದುವು. ಆದರೆ ಗೆದ್ದೇನೆಂಬ ಹುಮ್ಮಸ್ಸು ಅವಳಲ್ಲಿ ಕುಂದುತ್ತ ಬಂದಿತ್ತು. ದೇಹಸ್ಥಿತಿಯೂ ಅಷ್ಟಕ್ಕಷ್ಟೆ. ೧೮೯೦ರ ಹೊತ್ತಿಗೆ ಅವಳು ಚಿತ್ರರಚನೆಯನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟಳು. ಆಗ ಅವಳಿಗೆ ಐವತ್ತು ವರ್ಷ. ಇನ್ನೂ ಇಪ್ಪತ್ತೈದು ವರ್ಷ ಬದುಕಿದಳು. ಕೆಲವು ಸಣ್ಣಪುಟ್ಟ ಚಿತ್ರಗಳನ್ನು ಮಾತ್ರ ತನ್ನಷ್ಟಕ್ಕೆ ಬರೆದುಕೊಂಡಳು.

ಇಲ್ಲಿ ನ್ಯಾಯಾನ್ಯಾಯವನ್ನು ಅವಸರದಿಂದ ತೀರ್ಮಾನಿಸಬಾರದು. ಗಂಡ ಹೆಂಡಿರ ನಡುವಿನದನ್ನು ನಮಗೆ ತಿಳಿಸಿದವನು ಮುಖ್ಯವಾಗಿ ಮಗನೊಬ್ಬನೇ. ಗಂಡನ ಪಕ್ಷದ ಮಾತು ನಮಗೆ ಅಷ್ಟಾಗಿ ಕೇಳಿಸುವುದಿಲ್ಲ. ಅವನೇನು ಕಲೆಯನ್ನರಿಯದ ಒರಟನಲ್ಲ. ಹೆಂಡತಿ ಒಲೆಯ ಮುಂದೆಯೇ ಕೂರಬೇಕೆಂದವನೂ ಅಲ್ಲ. ಅವನ ದೋಷ ಇನ್ನೂ ಸೂಕ್ಷ್ಮವಾದುದು. ಬೇರೆಯವರ ಭಿನ್ನತೆಯನ್ನು ಕೊಂಡಾಡಿದ ಅವನು ತನ್ನವಳು ಭಿನ್ನವಾಗುವುದನ್ನು ಒಪ್ಪಲಾರದೆ ಹೋದನು. ಓದು, ಬರಹ, ಸಂಗೀತಗಳನ್ನು ಬಲ್ಲ ಮನೆಗಳಲ್ಲಿಯೇ ಈ ದೋಷ ಹೆಚ್ಚಾಗಿ ಅಡಗಿರುವುದು. ಹಾಡುವ ಹೆಂಡತಿ ಬೇಕು, ಆದರೆ ನಾವು ಮೆಚ್ಚಿದ ರಾಗವನ್ನೇ ಹಾಡಬೇಕು. ಬರೆಯುವ ಮಗಳು ಬೇಕು, ಆದರೆ ನಾವು ಒಪ್ಪುವುದನ್ನೇ ಬರೆಯಬೇಕು.

ಇದಕ್ಕೆ ಪ್ರತಿಯಾಗಿ ನಮ್ಮ ನೆಲದಲ್ಲಿ ಇನ್ನೊಂದು ದಾಂಪತ್ಯದ ಕಥೆಯಿದೆ. ಬಾಗೇವಾಡಿಯಲ್ಲಿ ಹುಟ್ಟಿ ಕಲ್ಯಾಣವನ್ನು ಬೆಳಗಿದ ಬಸವಣ್ಣನವರ ಕಾಲದಲ್ಲಿ ಆಯ್ದಕ್ಕಿ ಮಾರಯ್ಯನೆಂಬ ಶರಣ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾಡುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಹೆಂಡತಿ ಲಕ್ಕಮ್ಮ ಅದನ್ನು ಕಂಡು, ನಮಗೆ ಬೇಕಾದಷ್ಟನ್ನು ಉಳಿಸಿ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಮಾರಯ್ಯ ಮರುಮಾತಿಲ್ಲದೆ ಹಿಂದಿರುಗಿದನು. ಲಕ್ಕಮ್ಮನ ವಚನಗಳು ಇಂದಿಗೂ ಉಳಿದಿವೆ. ಅವಳ ಜ್ಞಾನ ದೊಡ್ಡದು. ಹೆಂಡತಿಯಿಂದ ತಿದ್ದಿಸಿಕೊಂಡು ಕುಗ್ಗದ ಮಾರಯ್ಯನ ಮನಸ್ಸೂ ಚಿಕ್ಕದಲ್ಲ. ಸೆವ್ರ್‌ನ ಆ ಮನೆಯಲ್ಲಿ ಲಕ್ಕಮ್ಮ ಇದ್ದಳು, ಮಾರಯ್ಯನಿರಲಿಲ್ಲ.

ಉಳಿದುದೇನು?

ಬ್ರಾಕ್‌ಮೊನ್ ಬಹುಕಾಲ ಬದುಕಿದನು. ಎಂಟುನೂರಕ್ಕೂ ಹೆಚ್ಚು ತಗಡುಗಳನ್ನು ಕೊರೆದನು. ಜೊಂಡಿನ ನಡುವೆ ಈಜುವ ಬಾತುಗಳು, ೧೮೮೨ರಲ್ಲಿ ಕೊರೆದ ಗರ್ವಿಷ್ಠ ‘ಮುದಿ ಹುಂಜ’, ಸಾಹಿತಿ ಎದ್ಮೊನ್ ದ ಗೊಂಕೂರ್‌ನ ಭಾವಚಿತ್ರ ಮೊದಲಾದುವು ಬಲ್ಲವರ ಮೆಚ್ಚುಗೆ ಪಡೆದುವು. ಫ್ರೆಂಚ್ ಸರಕಾರ ಲೀಜನ್ ಆಫ್ ಆನರ್ ಗೌರವವನ್ನು ನೀಡಿತು. ೧೯೧೪ನೆಯ ಅಕ್ಟೋಬರ್ ೨೯ರಂದು, ಮೊದಲ ಮಹಾಯುದ್ಧದ ಗುಂಡಿನ ಸದ್ದಿನ ನಡುವೆ, ಸೆವ್ರ್‌ನಲ್ಲಿ ಕಣ್ಮುಚ್ಚಿದನು. ಮಾರೀ ೧೯೧೬ರ ಜನವರಿಯಲ್ಲಿ ಅವನನ್ನು ಹಿಂಬಾಲಿಸಿದಳು. ೧೯೧೯ರಲ್ಲಿ ಪ್ಯಾರಿಸಿನಲ್ಲಿ ಅವಳ ಕೃತಿಗಳ ಪ್ರದರ್ಶನ ನಡೆಯಿತು. ಅಂದು ಅಲ್ಲಿ ಕಂಡ ಚಿತ್ರಗಳಲ್ಲಿ ಅನೇಕವು ಅವರಿವರ ಮನೆಗಳಿಗೆ ಚೆದುರಿಹೋದುವು. ಆದರೂ ಮುಂದಿನ ವಿಮರ್ಶಕರು ಬೆರ್ತ್ ಮೊರಿಸೋ, ಮೇರಿ ಕ್ಯಾಸಟ್ ಎಂಬ ಪ್ರಸಿದ್ಧ ಚಿತ್ರಕಾರ್ತಿಯರ ಪಕ್ಕದಲ್ಲಿ ಅವಳನ್ನು ಕೂರಿಸಿದ್ದಾರೆ. ಇಂದು ಗಂಡನ ಹೆಸರನ್ನು ಅರಿಯದವರು ಕೂಡ ಹೆಂಡತಿಯ ಚಿತ್ರದ ಮುಂದೆ ನಿಲ್ಲುತ್ತಾರೆ.

ಬ್ರಾಕ್‌ಮೊನ್ ಜೇಬಿನಲ್ಲಿಟ್ಟು ತಿರುಗಿದ ಜಪಾನು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಮಾನೆ, ದೆಗಾ, ಕ್ಯಾಸಟ್, ವಾನ್ ಗೋ ಎಲ್ಲರೂ ಆ ದೇಶದ ಚಿತ್ರಗಳಿಂದ ಕಲಿತರು. ಅದೇ ಜಪಾನು ಬೇರೊಂದು ದಾರಿಯಿಂದ ನಮ್ಮಲ್ಲಿಗೂ ಬಂದಿತು. ೧೯೦೩ರಲ್ಲಿ ಯೊಕೊಯಾಮ ತೈಕಾನ್, ಹಿಶಿದ ಶುನ್ಸೋ ಎಂಬ ಜಪಾನೀ ಚಿತ್ರಕಾರರು ಕಲ್ಕತ್ತೆಗೆ ಬಂದರು. ಅವರ ಕೆಲಸವನ್ನು ಕಂಡ ಅವನೀಂದ್ರನಾಥ ಠಾಕೂರರು ಬಣ್ಣವನ್ನು ನೀರಿನಲ್ಲಿ ತೋಯಿಸಿ ಮಂಜಿನಂತೆ ಹಬ್ಬಿಸುವ ತಮ್ಮ ಶೈಲಿಯನ್ನು ರೂಪಿಸಿಕೊಂಡರು. ಆ ಠಾಕೂರರ ಬಳಿ ಕಲ್ಕತ್ತೆಯಲ್ಲಿ ಕಲಿತು ಬಂದವರು ಮೈಸೂರು ಸೀಮೆಯ ನಮ್ಮ ಕೆ. ವೆಂಕಟಪ್ಪನವರು. ಅವರ ನೀಲಗಿರಿಯ ದೃಶ್ಯಗಳಲ್ಲಿ ಬೆಟ್ಟದ ಮೇಲೆ ಹರಡಿದ ಮಂಜನ್ನು ನೋಡುವಾಗ ಈ ದೂರದ ನಂಟು ನೆನಪಿಗೆ ಬಾರದಿರದು.

ಕಲೆ ಹೀಗೆ ಹಡಗಿನಲ್ಲಿ, ಪೊಟ್ಟಣದಲ್ಲಿ, ಗೆಳೆಯನ ಜೇಬಿನಲ್ಲಿ ಊರಿಂದೂರಿಗೆ ಹೋಗುತ್ತದೆ. ಅದನ್ನು ಗುರುತಿಸಲು ಕಣ್ಣಿರಬೇಕು; ಬ್ರಾಕ್‌ಮೊನನಿಗೆ ಅದು ಹೇರಳವಾಗಿತ್ತು. ದೂರದಿಂದ ಬಂದುದನ್ನು ಮೆಚ್ಚುವುದು ಅಷ್ಟೇನೂ ಕಷ್ಟವಲ್ಲ, ಏಕೆಂದರೆ ಅದು ನಮ್ಮನ್ನು ಎದುರಿಸಿ ಮಾತಾಡುವುದಿಲ್ಲ. ಪಕ್ಕದ ಕೋಣೆಯಲ್ಲಿ ಕುಳಿತು ನಮಗಿಂತ ಬೇರೆಯಾಗಿ ನೋಡುವವರ ಚಿತ್ರವನ್ನು ಅತಿಥಿಗಳ ಮುಂದೆ ಹಿಡಿದು, “ಇದು ನಮ್ಮಾಕೆ ಬರೆದದ್ದು, ನೋಡಿ” ಎನ್ನುವುದಕ್ಕೆ ಇನ್ನೂ ದೊಡ್ಡ ಮನಸ್ಸು ಬೇಕು.